ಈಸಿಎಂ ಬದಲಿಸಿದ ಲಾರಿಯಲ್ಲಿ ಸ್ಪೀಡೋಮೀಟರಿನ ಲೆಕ್ಕ

ಲಾರಿಯ ಈಸಿಎಂ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ, ಸುಟ್ಟುಹೋಗಿ ಅದರ ಜಾಗದಲ್ಲಿ ಬೇರೊಂದನ್ನು ಕೂರಿಸಿದಾಗ, ಎಂಜಿನ್ ಸ್ಟಾರ್ಟ್ ಆಗಿ ಪಿಕಪ್ ಸರಿಯಾಗಿದ್ದರೆ ಕೆಲಸ ಮುಗಿಯಿತೆಂದು ಗಾಡಿಯನ್ನು ರಸ್ತೆಗೆ ಬಿಡುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ. ಆದರೆ ಆ ಪೆಟ್ಟಿಗೆಯಲ್ಲಿ ಡೀಸೆಲ್ಲಿನ ಲೆಕ್ಕದ ಜೊತೆಗೆ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ರೇಷಿಯೋ (ಚಕ್ರ ಒಂದು ಸುತ್ತು ಸುತ್ತಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟು ಎಷ್ಟು ಸುತ್ತಬೇಕೆಂಬ ಲೆಕ್ಕ), ಟೈರಿನ ಸುತ್ತಳತೆ, ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರಿನ ಎದುರು ತಿರುಗುವ ಚಕ್ರದ ಹಲ್ಲುಗಳ ಸಂಖ್ಯೆ, ಇವೂ ಬರೆದಿರುತ್ತವೆ. ಬೇರೊಂದು ಗಾಡಿಯಿಂದ ಬಿಚ್ಚಿ ತಂದ ಈಸಿಎಂನಲ್ಲಿ ಈ ಮೂರೂ ಆ ಗಾಡಿಗೆ ಸೇರಿದ ಸಂಖ್ಯೆಗಳೇ ಆಗಿರುತ್ತವೆ, ಮತ್ತು ಎಂಜಿನ್ನಿನ ಮಾಡೆಲ್ ಒಂದೇ ಇದ್ದರೆ ಸಾಕು, ಗಾಡಿ ಯಾವ ತಕರಾರೂ ಇಲ್ಲದೆ ಓಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ, ಸ್ಕ್ಯಾನರಿನಲ್ಲಿ ಯಾವ ಕೋಡೂ ಬರುವುದಿಲ್ಲ. ಮುಳ್ಳು ಮಾತ್ರ ತಪ್ಪು ವೇಗವನ್ನು ತೋರಿಸುತ್ತಿರುತ್ತದೆ.

ಕಲಬುರಗಿಯಲ್ಲಿ ನಾನು ಭಾರಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ ಶಹಾಬಾದ್ ಕಲ್ಲಿನ ಗಣಿಗಳಿಗೂ ನಮ್ಮ ಊರಿನ ದಾಲ್ ಮಿಲ್ಲುಗಳಿಗೂ ಓಡುವ ಲಾರಿಗಳೇ ನನ್ನ ಮುಂದೆ ಹೆಚ್ಚಾಗಿ ನಿಲ್ಲುತ್ತವೆ. ಅಂಥ ಒಂದು ಹತ್ತು ಚಕ್ರದ ಲಾರಿಯ ಚಾಸಿಗೆ ಬೇರೆ ಕಡೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಕೇಬಲ್ ಬಿಚ್ಚದೆ ಹೋದದ್ದರಿಂದ ಈಸಿಎಂ ಕೆಟ್ಟಿತ್ತು. ಹೊಸದರ ಬೆಲೆ ಕೇಳಿ ಮಾಲೀಕರು ಒಂದು ಟಿಪ್ಪರಿನಿಂದ ಬಿಚ್ಚಿದ ಹಳೆಯ ಈಸಿಎಂ ಹಾಕಿಸಿಕೊಂಡಿದ್ದರು. ಕೆಲವು ಟ್ರಿಪ್ ಆದ ಮೇಲೆ ಡ್ರೈವರು ನನ್ನ ಬಳಿ ಬಂದು ಹೇಳಿದ ಮಾತಿನಲ್ಲಿ ಕಾಯಿಲೆಯ ಲಕ್ಷಣ ಪೂರ್ತಿ ಇತ್ತು: "ಸರ್, ಮುಳ್ಳು ಅರವತ್ತರ ಒಳಗs ಅದ, ಗಾಡಿ ಮಾತ್ರ ಜೋರ್ ಹೊಂಟಂಗ ಅನಸ್ಲಕತ್ತದ್ರಿ. ಮ್ಯಾಲ ಆವರೇಜ್ ಬಿದ್ದದ ಅಂತ ಮಾಲಕ್ರು ನನ್ನ ಮ್ಯಾಲ ಸಂಶಯ ಪಡ್ಲಕತ್ತಾರ. ಶರಣಬಸಪ್ಪನ ಆಣಿ ಮಾಡಿ ಹೇಳ್ತೀನ್ರಿ, ಒಂದು ಹನಿ ಡೀಸೆಲ್ ಸೈತ ನಾ ಮುಟ್ಟಿಲ್ಲ."

ಗಾಡಿ ಜೋರಾಗಿ ಹೋಗುತ್ತಿದೆ ಎಂಬ ಡ್ರೈವರಿನ ಅನುಮಾನ ಸರಿ ಎನ್ನುವುದನ್ನು ತಿಳಿಯಲು ಮುಳ್ಳಿನ ಸಂಖ್ಯೆ ಹುಟ್ಟುವ ಬಗೆಯನ್ನು ನೋಡಬೇಕು. ಗೇರ್‌ಬಾಕ್ಸಿನ ಹಿಂಬದಿಯ ಶಾಫ್ಟಿನ ಮೇಲೆ ಹಲ್ಲುಗಳಿರುವ ಒಂದು ಚಿಕ್ಕ ಚಕ್ರವಿರುತ್ತದೆ. ಪ್ರತಿ ಹಲ್ಲು ಸೆನ್ಸರಿನ ಮುಂದೆ ಹಾದುಹೋದಾಗ ಒಂದು ಪಲ್ಸ್ ಹುಟ್ಟುತ್ತದೆ. ಈಸಿಎಂ ಆ ಪಲ್ಸುಗಳನ್ನು ಎಣಿಸಿ, ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ ಶಾಫ್ಟಿನ ಸುತ್ತುಗಳನ್ನೂ, ಅದನ್ನು ಹೌಸಿಂಗಿನ ರೇಷಿಯೋದಿಂದ ಭಾಗಿಸಿ ಚಕ್ರದ ಸುತ್ತುಗಳನ್ನೂ, ಅದಕ್ಕೆ ಟೈರಿನ ಸುತ್ತಳತೆಯನ್ನು ಗುಣಿಸಿ ಗಾಡಿ ಸಾಗಿದ ದೂರವನ್ನೂ ಕಂಡುಕೊಳ್ಳುತ್ತದೆ. ಹೀಗೆ ಸಿಕ್ಕ ವೇಗವನ್ನು ಅದು ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ತಂತಿಗಳ ಮೂಲಕ ಮೀಟರಿಗೆ ಕಳುಹಿಸುತ್ತದೆ. ಭಾರಿ ವಾಹನಗಳು ಬಳಸುವ ಜೆ1939 ಪದ್ಧತಿಯಲ್ಲಿ ಈ ವೇಗ 65265 ಎಂಬ ಸಂಖ್ಯೆಯ ಸಂದೇಶದಲ್ಲಿ ಸೆಕೆಂಡಿಗೆ 10 ಸಲ ಹೊರಡುತ್ತದೆ. ಮೀಟರು ತಾನಾಗಿ ಏನನ್ನೂ ಅಳೆಯುವುದಿಲ್ಲ, ಬಂದ ಸಂಖ್ಯೆಗೆ ತಕ್ಕಂತೆ ಮುಳ್ಳನ್ನು ತಿರುಗಿಸುತ್ತದೆ ಅಷ್ಟೆ. ಕೆಲವು ಗಾಡಿಗಳಲ್ಲಿ ಸೆನ್ಸರಿನ ತಂತಿ ನೇರವಾಗಿ ಮೀಟರಿಗೇ ಹೋಗುತ್ತದೆ; ಅಲ್ಲಿ ಈಸಿಎಂ ಬದಲಿಸಿದರೂ ಮುಳ್ಳಿಗೆ ಏನೂ ಆಗುವುದಿಲ್ಲ. ಆದ್ದರಿಂದ ಮೊದಲು ವೈರಿಂಗ್ ನೋಡಿ, ನಮ್ಮ ಗಾಡಿ ಎರಡರಲ್ಲಿ ಯಾವ ಬಗೆಯದು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಆ ಲಾರಿಯ ಹೌಸಿಂಗಿನಲ್ಲಿದ್ದದ್ದು 41 ಹಲ್ಲಿನ ಕ್ರೌನ್ (ದೊಡ್ಡ ಹಲ್ಲುಚಕ್ರ), 7 ಹಲ್ಲಿನ ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ), ಅಂದರೆ ರೇಷಿಯೋ 5.857. ಟಿಪ್ಪರಿನಿಂದ ಬಂದ ಈಸಿಎಂನಲ್ಲಿದ್ದದ್ದು 37ಕ್ಕೆ 6, ಅಂದರೆ 6.167. ಶಾಫ್ಟು ಸುತ್ತುವುದು ಸುತ್ತಿದಷ್ಟೇ, ಆದರೆ ಈಸಿಎಂ ಅದನ್ನು ಹೆಚ್ಚಿನ ಸಂಖ್ಯೆಯಿಂದ ಭಾಗಿಸುತ್ತಿದ್ದರಿಂದ ಚಕ್ರ ಕಡಿಮೆ ಸುತ್ತಿದೆ ಎಂದು ತಿಳಿಯುತ್ತಿತ್ತು. ಎರಡರ ನಡುವಿನ ಅಂತರ ಶೇಕಡಾ 5.3. ಗಾಡಿ ನಿಜವಾಗಿ 60ರಲ್ಲಿ ಓಡುವಾಗ ಮುಳ್ಳು 57ರಲ್ಲಿ ನಿಲ್ಲುತ್ತದೆ. ಮುಳ್ಳು 80 ತೋರಿಸುವಾಗ ಗಾಡಿ 84ನ್ನು ದಾಟಿರುತ್ತದೆ. ತಪ್ಪುಗಳಲ್ಲಿ ಇದು ಕೆಟ್ಟ ದಿಕ್ಕಿನ ತಪ್ಪು. ಮುಳ್ಳು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸಿದರೆ ನಡೆಯುತ್ತದೆ, ಕಡಿಮೆ ತೋರಿಸಬಾರದು ಎಂಬುದು ಸ್ಪೀಡೋಮೀಟರುಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮದ ಮೂಲ ತತ್ವ, ಮತ್ತು ಲೋಡ್ ಗಾಡಿಯ ಬ್ರೇಕಿನ ದೂರ ಬಲ್ಲವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಡೀಸೆಲ್ಲಿನ ಲೆಕ್ಕಕ್ಕೂ ಇದೇ ಸಂಖ್ಯೆ ತಗಲುತ್ತದೆ, ಏಕೆಂದರೆ ಓಡಿದ ಕಿಲೋಮೀಟರನ್ನೂ ಮೀಟರು ಅದೇ ಸಂದೇಶಗಳಿಂದಲೇ ಕೂಡಿಸಿಕೊಳ್ಳುತ್ತಿತ್ತು. ಗಾಡಿ ನಿಜವಾಗಿ 1600 ಕಿಲೋಮೀಟರ್ ಓಡಿ 400 ಲೀಟರ್ ಕುಡಿದರೆ ಆವರೇಜ್ 4. ಮೀಟರಿನಲ್ಲಿ ಏರಿರುವುದು ಮಾತ್ರ ಸುಮಾರು 1520. ಲೀಟರಿಗೆ 4ರಂತೆ ಲೆಕ್ಕ ಹಾಕುವ ಮಾಲೀಕರಿಗೆ 380 ಲೀಟರ್ ಸಾಕಾಗಬೇಕಿತ್ತು, ಉಳಿದ 20 ಲೀಟರ್ ಎಲ್ಲಿ ಹೋಯಿತು ಎಂದು ಅವರು ಕೇಳುತ್ತಾರೆ, ಉತ್ತರ ಕೊಡಬೇಕಾದವನು ಡ್ರೈವರು. ಯಾರೂ ಕದಿಯದ ಡೀಸೆಲ್ಲಿಗೆ ಒಬ್ಬ ಬಡವನ ಸಂಬಳದಲ್ಲಿ ಮುರಿದುಕೊಳ್ಳುವುದು ನಡೆಯುತ್ತದೆ ಎಂಬ ಕಾರಣಕ್ಕೇ ಈ ಕೆಲಸವನ್ನು ನಾನು ಎಂಜಿನ್ ಕೆಲಸದಷ್ಟೇ ಗಂಭೀರವಾಗಿ ನೋಡುತ್ತೇನೆ. ಈ ಗಾಡಿಯಲ್ಲಿ ಜಿಪಿಎಸ್ ಟ್ರ್ಯಾಕರ್ ಇತ್ತು, ಮತ್ತು ಅದರ ದಾಖಲೆ ಮಾಲೀಕರ ಫೋನಿನಲ್ಲೇ ಇತ್ತು. ಅದೇ ದಿನಗಳ ಮೀಟರ್ ಓದಿಕೆಯ ಪಕ್ಕದಲ್ಲಿ ಟ್ರ್ಯಾಕರಿನ ಕಿಲೋಮೀಟರನ್ನು ಇಟ್ಟು ತೋರಿಸಿದಾಗ ಅವರಿಗೆ ವಿಷಯ ತಕ್ಷಣ ಮನವರಿಕೆಯಾಯಿತು. ಈಸಿಎಂ ಬದಲಿಸಿದ ತಾರೀಖಿನಿಂದ ಮುಂದಿನ ಎಲ್ಲ ಟ್ರಿಪ್ಪುಗಳ ಕಿಲೋಮೀಟರಿಗೆ 1.053 ಗುಣಿಸಿ ಡೈರಿಯನ್ನು ಅವರೇ ತಿದ್ದಿದರು, ಮುರಿದುಕೊಂಡಿದ್ದ ಹಣವನ್ನೂ ಡ್ರೈವರಿಗೆ ಹಿಂದಿರುಗಿಸಿದರು.

ಇನ್ನು ಪರೀಕ್ಷೆಯ ಕ್ರಮಕ್ಕೆ ಬರೋಣ. ಮುಳ್ಳು ತಪ್ಪು ತೋರಿಸುತ್ತದೆ ಎಂದ ಕೂಡಲೇ ಈಸಿಎಂಗೆ ಕೈ ಹಾಕಬಾರದು, ತಪ್ಪು ಯಾವ ಜಾತಿಯದು ಎಂದು ಮೊದಲು ತಿಳಿಯಬೇಕು. ಲ್ಯಾಪ್‌ಟಾಪ್ ಅಥವಾ ಸ್ಕ್ಯಾನರಿನಲ್ಲಿ ಈಸಿಎಂ ಹೇಳುವ ವೇಗ, ಮುಳ್ಳು ತೋರಿಸುವ ವೇಗ, ಫೋನಿನ ಜಿಪಿಎಸ್ ವೇಗ, ಈ ಮೂರನ್ನೂ ಒಟ್ಟಿಗೆ ನೋಡುತ್ತ 30, 50, 70ರಲ್ಲಿ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಮೂರು ವೇಗಗಳಲ್ಲೂ ತಪ್ಪಿನ ಶೇಕಡಾ ಒಂದೇ ಇದ್ದರೆ ದೋಷ ಈಸಿಎಂನಲ್ಲಿ ಬರೆದ ಸಂಖ್ಯೆಗಳಲ್ಲಿದೆ. ಎಲ್ಲ ವೇಗದಲ್ಲೂ ಅಷ್ಟೇ ಕಿಲೋಮೀಟರಿನ ವ್ಯತ್ಯಾಸವಿದ್ದು, ಗಾಡಿ ನಿಂತಾಗಲೂ ಮುಳ್ಳು ಸೊನ್ನೆಗೆ ಬರದಿದ್ದರೆ ದೋಷ ಮುಳ್ಳಿನದೇ. ವೇಗ ಒಮ್ಮೆಲೇ ಅರ್ಧವಾಗಿಯೋ ಎರಡು ಪಟ್ಟಾಗಿಯೋ ಕಂಡರೆ ಹಲ್ಲುಗಳ ಸಂಖ್ಯೆ ತಪ್ಪಿದೆ, 8ರ ಜಾಗದಲ್ಲಿ 16 ಇದ್ದೀತು. ನಿಧಾನವಾಗಿ ಹೋಗುವಾಗ ಮುಳ್ಳು ಸತ್ತಂತೆ ಬಿದ್ದು ವೇಗ ಹೆಚ್ಚಿದ ಮೇಲೆ ಎದ್ದರೆ ಸೆನ್ಸರಿನ ಗ್ಯಾಪ್ ನೋಡಬೇಕು. ಎರಡು ತಂತಿಯ ಸೆನ್ಸರುಗಳು ತಾವೇ ವಿದ್ಯುತ್ತನ್ನು ಹುಟ್ಟಿಸುವುದರಿಂದ, ಹಲ್ಲಿಗೂ ಸೆನ್ಸರಿಗೂ ಅಂತರ ಹೆಚ್ಚಾದರೆ ಅಥವಾ ನಡುವೆ ಕಬ್ಬಿಣದ ಪುಡಿ ಕೂತರೆ ಕಡಿಮೆ ವೇಗದಲ್ಲಿ ಅವುಗಳ ಸಿಗ್ನಲ್ ಈಸಿಎಂಗೆ ಸಾಲುವುದಿಲ್ಲ. ಕಾಂತಕ್ಷೇತ್ರದ ಬದಲಾವಣೆಯನ್ನು ಗುರುತಿಸುವ ಮೂರು ತಂತಿಯ ಹಾಲ್ ಸೆನ್ಸರಿನಲ್ಲಿ ಈ ತೊಂದರೆ ಕಡಿಮೆ, ಆದರೆ ಅದಕ್ಕೆ ಸಪ್ಲೈ ಸರಿಯಾಗಿ ಬರಬೇಕು.

ಸಂಖ್ಯೆಗಳೇ ತಪ್ಪು ಎಂದು ಖಾತ್ರಿಯಾದ ಮೇಲೆ ಸರಿಯಾದ ಸಂಖ್ಯೆಗಳನ್ನು ಗಾಡಿಯಿಂದಲೇ ಅಳೆದು ತೆಗೆಯಬೇಕು. ಹೌಸಿಂಗಿನ ಮೇಲಿನ ತಗಡಿನಲ್ಲಿ ರೇಷಿಯೋ ಕೆತ್ತಿರುತ್ತದೆ, ಆದರೆ ನಮ್ಮ ಕಡೆ ಹಳೆಯ ಗಾಡಿಗಳಲ್ಲಿ ಆ ತಗಡು ಮಣ್ಣು, ಗ್ರೀಸು ಮೆತ್ತಿ ಓದಲು ಬಾರದಂತಾಗಿರುತ್ತದೆ, ಅಥವಾ ಎಂದೋ ಕ್ರೌನ್ ಪಿನಿಯನ್ ಬದಲಾಗಿ ತಗಡು ಮಾತ್ರ ಹಳೆಯದೇ ಉಳಿದಿರುತ್ತದೆ. ಹೀಗಾಗಿ ನಾನು ಸುತ್ತುಗಳನ್ನು ಎಣಿಸುತ್ತೇನೆ. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ, ಹಿಂದಿನ ಟೈರಿನ ಪಕ್ಕದಲ್ಲಿ ನೆಲಕ್ಕೆ ತಾಗುವ ಜಾಗಕ್ಕೆ ಸರಿಯಾಗಿ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಕೆಳಗೆ ನೆಲದ ಮೇಲೂ ಗೆರೆ ಎಳೆಯುತ್ತೇನೆ. ಶಾಫ್ಟಿನ ಫ್ಲ್ಯಾಂಜಿನ (ಬೋಲ್ಟು ಹಾಕುವ ದುಂಡು ತಟ್ಟೆಯ) ಮೇಲೂ ಒಂದು ಬಿಳಿ ಗುರುತು ಹಾಕುತ್ತೇನೆ. ಆಮೇಲೆ ಮೊದಲ ಗೇರಿನಲ್ಲಿ ತೀರ ನಿಧಾನವಾಗಿ, ಸ್ಟೇರಿಂಗ್ ಅಲುಗಿಸದೆ ಗಾಡಿಯನ್ನು ಮುಂದೆ ಬಿಡಿಸುತ್ತೇನೆ. ಒಬ್ಬರು ಪಕ್ಕದಲ್ಲಿ, ಗಾಡಿಯಿಂದ ದೂರವೇ ನಡೆಯುತ್ತ ಚಕ್ರದ ಗೆರೆ ಎಣಿಸಿದರೆ, ಫ್ಲ್ಯಾಂಜಿನ ಗುರುತನ್ನು ಎಣಿಸಲು ಚಾಸಿಗೆ ಕಟ್ಟಿದ ಫೋನಿನ ವಿಡಿಯೋ ಸಾಕು; ಓಡುವ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು. ಚಕ್ರ 7 ಸುತ್ತು ಮುಗಿಸಿ ಗೆರೆ ಮತ್ತೆ ನೆಲಕ್ಕೆ ಬಂದಾಗ ಶಾಫ್ಟಿನ ಗುರುತು 41 ಸುತ್ತು ಮುಗಿಸಿ ಮೊದಲಿನ ಜಾಗದಲ್ಲೇ ನಿಂತಿತ್ತು. ಹೌಸಿಂಗು ಟಿಪ್ಪರಿನದಾಗಿದ್ದರೆ ಅಷ್ಟರಲ್ಲಿ ಶಾಫ್ಟು 43 ಸುತ್ತು ದಾಟಿರುತ್ತಿತ್ತು. ಒಂದು ಕಡೆಯ ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿ ಕೈಯಿಂದ ತಿರುಗಿಸಿ ಎಣಿಸುವವರಿದ್ದಾರೆ. ಆಗ ಇನ್ನೊಂದು ಚಕ್ರ ನಿಂತಿರುವುದರಿಂದ ಡಿಫ್ರೆನ್ಷಿಯಲ್ ಕಾರಣಕ್ಕೆ ಶಾಫ್ಟು ಅರ್ಧದಷ್ಟೇ ತಿರುಗುತ್ತದೆ ಎಂಬುದನ್ನು ಮರೆಯಬಾರದು.

ಅದೇ ಓಟದಲ್ಲಿ ಟೈರಿನ ಅಳತೆಯೂ ಸಿಗುತ್ತದೆ. ನೆಲದ ಮೊದಲ ಗೆರೆಯಿಂದ 7 ಸುತ್ತಿನ ನಂತರದ ಗೆರೆಗೆ ಟೇಪ್ ಹಿಡಿದಾಗ 22 ಮೀಟರ್ 40 ಸೆಂಟಿಮೀಟರ್ ಬಂತು, ಅಂದರೆ ಸುತ್ತಿಗೆ 3.2 ಮೀಟರ್. ಟೈರಿನ ಎತ್ತರವನ್ನು, ಇಲ್ಲವೇ ಹಬ್ಬಿನ ಮಧ್ಯದಿಂದ ನೆಲದವರೆಗಿನ ಅಂತರವನ್ನು ಅಳೆದು ಸುತ್ತಳತೆ ಲೆಕ್ಕ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಲೋಡ್ ಬಿದ್ದಾಗ ರೇಡಿಯಲ್ ಟೈರಿನ ಕೆಳಭಾಗ ಚಪ್ಪಟೆಯಾಗಿ ಹಬ್ಬು ನೆಲಕ್ಕೆ ಹತ್ತಿರ ಬರುತ್ತದೆ ನಿಜ, ಆದರೆ ಒಳಗಿನ ಉಕ್ಕಿನ ಬೆಲ್ಟ್ ಗಿಡ್ಡವಾಗುವುದಿಲ್ಲ. ಆದ್ದರಿಂದ ಟೈರು ಒಂದು ಸುತ್ತಿಗೆ ಸಾಗುವ ದೂರ ಬಹಳ ಕಡಿಮೆ ಬದಲಾಗುತ್ತದೆ. ಉರುಳಿಸಿ ಅಳೆಯುವುದೇ ಸರಿ. ಗಾಳಿ ಸರಿಯಾಗಿರಬೇಕು, ಮತ್ತು ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಓಡಿ ಬಂದ ಟೈರಿನ ಗಾಳಿ ನೋಡಿ ಹೆಚ್ಚಾಗಿದೆ ಎಂದು ಬಿಡುವವರನ್ನು ನಾನು ಯಾವಾಗಲೂ ತಡೆಯುತ್ತೇನೆ.

ಈಗ ಲೆಕ್ಕ ಹಾಕಿ. ಒಂದು ಕಿಲೋಮೀಟರಿಗೆ ಚಕ್ರ 312.5 ಸುತ್ತು, ಶಾಫ್ಟು ಸುಮಾರು 1830 ಸುತ್ತು, ಸೆನ್ಸರಿನ ಚಕ್ರ 8 ಹಲ್ಲಿನದಾದ್ದರಿಂದ ಸುಮಾರು 14,640 ಪಲ್ಸ್. 60ರ ವೇಗದಲ್ಲಿ ಒಂದು ನಿಮಿಷಕ್ಕೆ ಒಂದು ಕಿಲೋಮೀಟರ್ ಆಗುವುದರಿಂದ, ಸೆನ್ಸರಿನ ತಂತಿಗೆ ಫ್ರೀಕ್ವೆನ್ಸಿ ಅಳೆಯುವ ಮಲ್ಟಿಮೀಟರ್ ಹಿಡಿದರೆ 244 ಹರ್ಟ್ಜ್ ಬರಬೇಕು. ಅದು ಬಂದರೆ ಸೆನ್ಸರೂ ಹಲ್ಲಿನ ಸಂಖ್ಯೆಯೂ ಸರಿ ಎಂದು ತಿಳಿಯಬಹುದು. ಟಾಪ್ ಗೇರ್ ಡೈರೆಕ್ಟ್ ಇರುವ, ಅಂದರೆ ಎಂಜಿನ್ ಸುತ್ತಿದಷ್ಟೇ ಶಾಫ್ಟು ಸುತ್ತುವ ಗೇರ್‌ಬಾಕ್ಸ್ ಆಗಿದ್ದರೆ ಇನ್ನೊಂದು ಸಾಕ್ಷಿ ಡ್ರೈವರಿನ ಕಣ್ಣ ಮುಂದೆಯೇ ಇರುತ್ತದೆ: ಟಾಪ್ ಗೇರಿನಲ್ಲಿ ಆರ್‌ಪಿಎಂ ಮೀಟರು 1830 ತೋರಿಸುವಾಗ ಗಾಡಿ 60ರಲ್ಲಿ ಇರಲೇಬೇಕು. ಆರ್‌ಪಿಎಂ ಲೆಕ್ಕ ಎಂಜಿನ್ನಿನ ಕ್ರ್ಯಾಂಕ್ ಸೆನ್ಸರಿನಿಂದ ಬರುವುದರಿಂದ ಅದಕ್ಕೆ ಹೌಸಿಂಗಿನ ಸಂಖ್ಯೆಯೂ ಟೈರಿನ ಸಂಖ್ಯೆಯೂ ಬೇಕಿಲ್ಲ. ಈ ಲಾರಿಯ ಗೇರ್‌ಬಾಕ್ಸ್ ಅಂಥದೇ ಆಗಿತ್ತು, ಮತ್ತು 1830ರಲ್ಲಿ ಮುಳ್ಳು 57ರ ಮೇಲೆ ನಿಂತಿದ್ದನ್ನು ನೋಡಿದಾಗಲೇ ರೇಷಿಯೋ ತಪ್ಪಿದೆ ಎಂಬುದು ಬಹುಪಾಲು ಖಚಿತವಾಗಿತ್ತು.

ಈಸಿಎಂನಲ್ಲಿ ಈ ಸಂಖ್ಯೆಗಳನ್ನು ಬರೆಯಲು ಎಂಜಿನ್ ಕಂಪನಿಯ ಸಾಫ್ಟ್‌ವೇರೂ ಪಾಸ್‌ವರ್ಡೂ ಬೇಕು. ಕದ್ದ ಸಾಫ್ಟ್‌ವೇರಿನಲ್ಲಿ ಬರೆಯುವಾಗ ನಡುವೆ ನಿಂತುಹೋದರೆ ಈಸಿಎಂ ಪೂರ್ತಿ ಸತ್ತೇ ಹೋಗಬಹುದು, ಆದ್ದರಿಂದ ಈ ಒಂದು ಹಂತವನ್ನು ಅಧಿಕೃತ ಸರ್ವಿಸ್‌ನಲ್ಲಿ ಮಾಡಿಸುವುದೇ ಲೇಸು. ಅಳತೆಗಳನ್ನು ಚೀಟಿಯಲ್ಲಿ ಬರೆದು ಒಯ್ದರೆ ಅವರ ಕೆಲಸವೂ ಸುಲಭ. ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. ರೇಷಿಯೋ ಬದಲಿಸಲು ಪಾಸ್‌ವರ್ಡ್ ಸಿಗದಿದ್ದಾಗ ಟೈರಿನ ಸಂಖ್ಯೆಯನ್ನೇ ಶೇಕಡಾ 5ರಷ್ಟು ಹೆಚ್ಚಿಸಿ ಬರೆದು ಮುಳ್ಳನ್ನು ಸರಿಗೆ ತರುವವರಿದ್ದಾರೆ. ಆ ದಿನಕ್ಕೆ ವೇಗ ಸರಿ ಬರುತ್ತದೆ. ಆದರೆ ಮುಂದೆ ಟೈರ್ ಬದಲಿಸಿದಾಗ ಯಾರೋ ಪ್ರಾಮಾಣಿಕವಾಗಿ ನಿಜವಾದ ಟೈರಿನ ಅಳತೆಯನ್ನು ಬರೆದರೆ ಹಳೆಯ ತಪ್ಪು ಮತ್ತೆ ಎದ್ದು ಕೂರುತ್ತದೆ, ಮತ್ತು ಅದರ ಕಾರಣ ಯಾರಿಗೂ ತಿಳಿಯುವುದಿಲ್ಲ. ರೇಷಿಯೋದ ಜಾಗದಲ್ಲಿ ರೇಷಿಯೋವನ್ನೇ, ಟೈರಿನ ಜಾಗದಲ್ಲಿ ಟೈರನ್ನೇ ಬರೆಯಬೇಕು. ಅದೇ ಸಲ ಇಂಜೆಕ್ಟರುಗಳ ಕೋಡುಗಳೂ ಚಾಸಿ ನಂಬರೂ ಈ ಗಾಡಿಯವೇ ಇವೆಯೇ ಎಂದು ನೋಡಿಬಿಡಬೇಕು. ಹಳೆಯ ಈಸಿಎಂ ಇನ್ನೂ ಉಸಿರಾಡುತ್ತಿರುವಾಗಲೇ ಅದರ ಸಂಖ್ಯೆಗಳನ್ನೆಲ್ಲ ಓದಿಟ್ಟುಕೊಂಡರೆ ಇಷ್ಟು ಶ್ರಮವೇ ಬೀಳುವುದಿಲ್ಲ.

ಬರೆದ ಮೇಲೆ ರಸ್ತೆಯಲ್ಲಿ ಪರೀಕ್ಷಿಸಬೇಕು. ಕಮಲಾಪುರದ ಕಡೆ ಏರು ಇಳಿವು ಹೆಚ್ಚಾಗಿರುವುದರಿಂದ ವೇಗವನ್ನು ಒಂದೇ ಸಮ ಹಿಡಿಯುವುದು ಕಷ್ಟ. ನಾನು ಫರಹತಾಬಾದ್ ದಾಟಿ ಜೇವರ್ಗಿಯ ಕಡೆಗೆ ಹೋಗುವ ರಸ್ತೆಯ ನೇರ ಭಾಗವನ್ನು ಬೆಳಗಿನ ಹೊತ್ತು ಬಳಸುತ್ತೇನೆ. ಫೋನಿನ ಜಿಪಿಎಸ್ ವೇಗ ಬದಲಾಗುವಾಗ ತುಸು ತಡವಾಗಿ ತೋರಿಸುತ್ತದೆ, ಆದರೆ ಬಯಲಿನಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಅದರ ಮಾತನ್ನು ನಂಬಬಹುದು. ಜೊತೆಗೆ ಕಿಲೋಮೀಟರ್ ಕಲ್ಲುಗಳ ನಡುವೆ ಸ್ಟಾಪ್‌ವಾಚ್ ಹಿಡಿಯಬೇಕು: 60ರಲ್ಲಿ 60 ಸೆಕೆಂಡ್, 50ರಲ್ಲಿ 72, 40ರಲ್ಲಿ 90. ರಸ್ತೆಯ ತಿರುವು ನೇರ ಮಾಡಿದ ಕಡೆ ಕಲ್ಲುಗಳ ಅಂತರ ನಿಜವಾದ ಕಿಲೋಮೀಟರ್ ಆಗಿರದ ಕಾರಣ ಒಂದೇ ಜೋಡಿ ಕಲ್ಲನ್ನು ನಂಬದೆ ಸತತ ಹಲವು ಕಲ್ಲುಗಳ ಕಾಲವನ್ನು ನೋಡುವುದು ಒಳ್ಳೆಯದು. ಮೊದಲು ಮುಳ್ಳು 60ರಲ್ಲಿದ್ದಾಗ 57 ಸೆಕೆಂಡಿಗೇ ಕಲ್ಲು ದಾಟುತ್ತಿದ್ದ ಗಾಡಿ, ಸಂಖ್ಯೆ ತಿದ್ದಿದ ಮೇಲೆ ಸರಿಯಾಗಿ 60 ಸೆಕೆಂಡ್ ತೆಗೆದುಕೊಂಡಿತು.

ಸ್ಪೀಡ್ ಗವರ್ನರಿನ ವಿಷಯ ಇದರಿಂದ ಬೇರೆಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮದ ಪ್ರಕಾರ ಸರಕು ಲಾರಿಗಳ ವೇಗವನ್ನು 80ಕ್ಕೆ ಕಟ್ಟಬೇಕು; ಟ್ಯಾಂಕರ್, ಡಂಪರ್, ಶಾಲಾ ಬಸ್ಸುಗಳಿಗೆ ಮಿತಿ 60. ಗವರ್ನರು ಈಸಿಎಂನ ಒಳಗೇ ಇರುವ ಗಾಡಿಗಳಲ್ಲಿ ಅದು ಕಡಿವಾಣ ಹಾಕುವುದು ಈಸಿಎಂ ನಂಬಿರುವ ವೇಗಕ್ಕೆ. ಈ ಲಾರಿಯಲ್ಲಿ ಅದು 84ರವರೆಗೆ ಬಿಡುತ್ತಿತ್ತು, ಕಾಗದದಲ್ಲಿ ಮಾತ್ರ 80. ಇದನ್ನು ತಿಳಿದೇ, ಬೇಕೆಂದೇ ಟೈರಿನ ಸಂಖ್ಯೆಯನ್ನು ತಪ್ಪಾಗಿ ಬರೆಸಿ ಗವರ್ನರಿನ ಕಣ್ಣು ತಪ್ಪಿಸಲು ಕೇಳುವವರೂ ಬರುತ್ತಾರೆ. ನಾನು ಅವರಿಗೆ ಇಲ್ಲ ಎನ್ನುತ್ತೇನೆ. ರಾತ್ರಿ ಹೊತ್ತು ದೀಪವಿಲ್ಲದ ಎತ್ತಿನ ಬಂಡಿಗಳೂ ಕಬ್ಬಿನ ಟ್ರಾಕ್ಟರುಗಳೂ ಓಡಾಡುವ ನಮ್ಮ ರಸ್ತೆಗಳಲ್ಲಿ ಆ ಕೆಲಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕೊನೆಯದಾಗಿ ಟೈರಿನ ಸವೆತ. ಹೊಸ ಟೈರಿನ ಗುಂಡಿ, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬು, 12 ಮಿಲಿಮೀಟರ್ ಸವೆದರೆ ಅದರ ಅಳತೆ ಶೇಕಡಾ 2ಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆ. ಚಕ್ರ ಕಿಲೋಮೀಟರಿಗೆ ಅಷ್ಟು ಹೆಚ್ಚು ಸುತ್ತುತ್ತದೆ, ಮುಳ್ಳು ಅಷ್ಟು ಹೆಚ್ಚು ತೋರಿಸುತ್ತದೆ. ಹೊಸ ಟೈರಿನ ಅಳತೆಯನ್ನು ಬರೆದಿದ್ದರೆ ಮುಂದಿನ ತಪ್ಪೆಲ್ಲ ಸುರಕ್ಷಿತ ದಿಕ್ಕಿನಲ್ಲೇ ಇರುತ್ತದೆ. ಬೋಳು ಟೈರಿನ ಮೇಲೆ ಅಳೆದು ಬರೆದು, ಆಮೇಲೆ ಹೊಸ ಟೈರನ್ನೋ ರಿಸೋಲ್ ಮಾಡಿಸಿದ್ದನ್ನೋ ಹಾಕಿದರೆ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸಲು ಶುರುಮಾಡುತ್ತದೆ. ಸವೆದ ಟೈರಿನ ಗಾಡಿ ಬಂದಾಗ ನಾನು ಅದೇ ಕಂಪನಿಯ ಅದೇ ಸೈಜಿನ ಹೊಸ ಟೈರಿಗೆ ಕಂಪನಿಯ ಪಟ್ಟಿಯಲ್ಲಿ ಕೊಟ್ಟಿರುವ ಸುತ್ತಳತೆಯನ್ನು ನನ್ನ ಅಳತೆಯ ಪಕ್ಕದಲ್ಲಿಟ್ಟು ನೋಡಿ ಅದನ್ನೇ ಬರೆಸುತ್ತೇನೆ.

ಮೀಟರಿನಲ್ಲಿ ಕಡಿಮೆ ಏರಿದ ಹಳೆಯ ಕಿಲೋಮೀಟರುಗಳನ್ನು ಮುಂದೆ ತಳ್ಳುವ ಕೆಲಸಕ್ಕೆ ಕೈ ಹಾಕಬಾರದು; ಓಡೋಮೀಟರ್ ಇದ್ದಂತೆಯೇ ಇರಲಿ. ಸರ್ವಿಸ್ ಪುಸ್ತಕದಲ್ಲಿ ತಾರೀಖು, ಆ ಹೊತ್ತಿನ ಓದಿಕೆ, ಯಾವ ಓದಿಕೆಯಿಂದ ಯಾವ ಓದಿಕೆಯವರೆಗೆ ಶೇಕಡಾ ಎಷ್ಟು ಕಡಿಮೆ ಏರಿದೆ ಎಂಬುದನ್ನು ಬರೆದು ಸಹಿ ಹಾಕಿದರೆ ಸಾಕು, ಆಯಿಲ್ ಬದಲಿಸುವ ಲೆಕ್ಕಕ್ಕೂ ಮುಂದೆ ಗಾಡಿ ಕೊಳ್ಳುವವರಿಗೂ ಅದು ದಾರಿ ತೋರಿಸುತ್ತದೆ. ಕ್ಯಾಬಿನ್ನಿನ ಬಾಗಿಲ ಒಳಬದಿಗೆ ಒಂದು ಚೀಟಿಯನ್ನೂ ಅಂಟಿಸುತ್ತೇನೆ: ಕ್ರೌನ್ 41, ಪಿನಿಯನ್ 7, ಟೈರ್ 3.2 ಮೀಟರ್, ಸೆನ್ಸರ್ ಚಕ್ರ 8 ಹಲ್ಲು, ಡೈರೆಕ್ಟ್ ಟಾಪ್ ಗೇರಿನಲ್ಲಿ 1830ಕ್ಕೆ 60. ಕ್ರೌನ್ ಪಿನಿಯನ್ ಅಥವಾ ಟೈರಿನ ಸೈಜು ಬದಲಾದರೆ, ಇಲ್ಲವೇ ಮತ್ತೊಮ್ಮೆ ಈಸಿಎಂ ಬಿಚ್ಚಿದರೆ, ಗಾಡಿಯನ್ನು ಲೋಡಿಗೆ ಕಳುಹಿಸುವ ಮೊದಲು ಈ ಚೀಟಿಯೊಂದಿಗೆ ತಾಳೆ ನೋಡಬೇಕೆಂದು ಮಾಲೀಕರಿಗೂ ಡ್ರೈವರಿಗೂ ಇಬ್ಬರನ್ನೂ ನಿಲ್ಲಿಸಿಕೊಂಡೇ ಹೇಳುತ್ತೇನೆ.